ಇಡೀ ತರಗತಿ ಒಂದೇ ಡಾಕ್‌ನಲ್ಲಿ ಬರೆಯುವುದು ಹೇಗೆ? ಶಾಲಾ ಗ್ರಂಥಪಾಲಕರಿಗೊಂದು ಮಾರ್ಗದರ್ಶಿ

"ನೀವು ಹೆಂಗೂ ಕಂಪ್ಯೂಟರ್ ರೂಮಿನ ಬಾಜೂಕ ಇರ್ತೀರಿ. ಹುಡುಗರಿಗೆ ಆನ್‌ಲೈನ್‌ನ್ಯಾಗ ಕೂಡಿ ಕೆಲಸಾ ಮಾಡೂದು ಒಂದಿಷ್ಟು ಕಲಸ್ರಿ." ಬಾಗಲಕೋಟೆ ಕಡೆಯ ಶಾಲೆಗಳಲ್ಲಿ ಲೈಬ್ರರಿ ನೋಡಿಕೊಳ್ಳುವವರಿಗೆ ಈ ಮಾತು ಹೊಸದಲ್ಲ. ಕೆಲವು ಕಡೆ ಗ್ರಂಥಪಾಲಕರು ಅಂತಲೇ ಒಬ್ಬರು ಇರುತ್ತಾರೆ. ಎಷ್ಟೋ ಕಡೆ ಕನ್ನಡದ ಶಿಕ್ಷಕರೋ ಸಮಾಜ ವಿಜ್ಞಾನದ ಶಿಕ್ಷಕರೋ ಕಪಾಟಿನ ಕೀಲಿಕೈ ಇಟ್ಟುಕೊಂಡಿರುತ್ತಾರೆ. ಇಬ್ಬರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಡಾಕ್ ಅಂದರೆ ಗೂಗಲ್ ಡಾಕ್ಸ್‌ನ ಕಡತ, ಹಲವರು ಒಂದೇ ಸಲ ತೆರೆದು ಬರೆಯಬಹುದಾದ ಆನ್‌ಲೈನ್ ಪುಟ.

ಈ ಕೆಲಸ ಲೈಬ್ರರಿಯವರಿಗೇ ಸರಿಯಾಗಿ ಹೊಂದುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹತ್ತಾರು ಮಕ್ಕಳು ಸೇರಿ ಒಂದು ಕಡೆ ಬರೆದಾಗ ಏಳುವ ಪ್ರಶ್ನೆಗಳು ಮೂರೇ. ಇದನ್ನು ಯಾರು ಬರೆದರು? ಯಾವಾಗ ಬರೆದರು? ಈ ವಿಷಯ ಎಲ್ಲಿಂದ ಬಂತು? ಇವನ್ನೇ ನಾವು ದಿನವಿಡೀ ಕೇಳುತ್ತಿರುತ್ತೇವೆ ಅಲ್ವಾ? ಗುಂಡಿ ಒತ್ತುವುದನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ಕೇಳುವ ರೂಢಿ ಬರುವುದಕ್ಕೆ ವರ್ಷಗಳು ಬೇಕು, ಅದು ನಿಮ್ಮಲ್ಲಿ ಈಗಾಗಲೇ ಇದೆ.

ಮೊದಲು ಕೆಲಸ ಹುಡುಕಿ, ಟೂಲ್ ಆಮೇಲೆ

ತರಬೇತಿಗೆ ಹೋದರೆ ಒಂದೇ ದಿನ ಗೂಗಲ್ ಡಾಕ್ಸ್, ಪ್ಯಾಡ್ಲೆಟ್, ಕ್ಯಾನ್ವಾ, ಕಹೂಟ್, ಮೆಂಟಿಮೀಟರ್ ಎಲ್ಲಾ ತೋರಿಸುತ್ತಾರೆ. ಊರಿಗೆ ಬರುವಷ್ಟರಲ್ಲಿ ಹೆಸರುಗಳೇ ಕಲಸಿಹೋಗಿರುತ್ತವೆ. ಹಾಗಾಗಿ ಪಟ್ಟಿಯನ್ನು ಪಕ್ಕಕ್ಕಿಡಿ. ಒಬ್ಬ ಹುಡುಗ ಅಥವಾ ಹುಡುಗಿ ಒಬ್ಬರೇ ಕೂತು ಮುಗಿಸಲು ಆಗದ ಕೆಲಸ ಯಾವುದಿದೆ ಅಂತ ಯೋಚಿಸಿ.

ನಮ್ಮೂರಲ್ಲಿ ಅಂಥ ಕೆಲಸ ಕಣ್ಣೆದುರೇ ಇದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಜನ ನವನಗರಕ್ಕೆ ಬಂದರು. ಇವತ್ತಿನ ಎಂಟನೇ ತರಗತಿಯ ಮಕ್ಕಳಿಗೆ ಗೊತ್ತಿರುವುದು ಸೆಕ್ಟರ್ ನಂಬರ್ ಮಾತ್ರ. ಆದರೆ ಮನೆಯಲ್ಲಿ ಅಜ್ಜ, ಅಜ್ಜಿ ಇನ್ನೂ "ಮುಳುಗಡಿ ಆಗೂಕಿಂತ ಮೊದಲ" ಅಂತಲೇ ಮಾತು ಶುರು ಮಾಡುತ್ತಾರೆ. ಆ ನೆನಪುಗಳನ್ನು ಒಂದು ತರಗತಿ ಸೇರಿ ಸಂಗ್ರಹಿಸಿದರೆ ಅದು ನಿಜವಾದ ಕೂಡು ಕೆಲಸ. ಪ್ರತಿ ಮನೆಯಿಂದ ಒಂದು ತುಣುಕು ಬರುತ್ತದೆ, ಯಾವ ತುಣುಕೂ ಇನ್ನೊಂದರ ಹಾಗಿರುವುದಿಲ್ಲ.

ನಿಮ್ಮ ಊರಿಗೆ ನಿಮ್ಮದೇ ವಿಷಯ ಸಿಗುತ್ತದೆ. ಇಳಕಲ್ಲಿನ ಮಕ್ಕಳು ಮಗ್ಗದ ಕೆಲಸದ ಮಾತುಗಳನ್ನು ಕೂಡಿಹಾಕಬಹುದು. ಬೆಳಗಾವಿಯಲ್ಲಿ ಒಂದೇ ಬೆಂಚಿನ ಮೇಲೆ ಕನ್ನಡ, ಮರಾಠಿ, ಉರ್ದು, ಕೊಂಕಣಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಅಡುಗೆಮನೆಯ ಸಾಮಾನಿಗೆ ನಾಲ್ಕು ಭಾಷೆಯ ಹೆಸರುಗಳ ಪಟ್ಟಿ ಅಲ್ಲಿ ಚೆನ್ನಾಗಿ ಆಗುತ್ತದೆ. ವಿಜಯಪುರದಲ್ಲಂತೂ ಇಂಥ ಕೆಲಸಕ್ಕೆ ದೊಡ್ಡ ಮಾದರಿಯೇ ಇದೆ. ಫ.ಗು. ಹಳಕಟ್ಟಿಯವರು ಅಲ್ಲೇ ಕೂತು, ಮನೆಮನೆಯ ತಾಡೋಲೆಗಳನ್ನು ಹುಡುಕಿ ವಚನಗಳನ್ನು ಒಟ್ಟುಮಾಡಿದರು. 1925ರಲ್ಲಿ ಮುದ್ರಣಾಲಯ ಹಾಕಿ, ಮರುವರ್ಷವೇ ಪತ್ರಿಕೆಯನ್ನೂ ಶುರು ಮಾಡಿದರು. ಸಂಗ್ರಹ ಅಂದರೆ ಏನು ಅಂತ ಮಕ್ಕಳಿಗೆ ಹೇಳುವಾಗ ಅವರ ಹೆಸರು ಮೊದಲು ಬರಬೇಕು.

ಖಾತೆ

ಲೈಬ್ರರಿಗೆ ಅಂತಲೇ ಬೇರೆ ಗೂಗಲ್ ಖಾತೆ ತೆರೆಯಿರಿ. ನಿಮ್ಮ ಸ್ವಂತ ಖಾತೆ ಬೇಡ, ನಾಳೆ ನಿಮಗೆ ವರ್ಗಾವಣೆಯಾದರೆ ಮಕ್ಕಳ ಕೆಲಸವೆಲ್ಲಾ ನಿಮ್ಮ ಜೊತೆಗೇ ಹೋಗುತ್ತದೆ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಫೋನಿನಲ್ಲೂ ಖಚಿತಪಡಿಸಲು ಕೇಳುವ ವ್ಯವಸ್ಥೆ) ಹಾಕಿ. ಮುಖ್ಯ ಗುರುಗಳ ಗಮನಕ್ಕೆ ತಂದು ಮರುಪಡೆಯುವ ಫೋನ್ ನಂಬರ್ ಯಾರದು ಅಂತ ಬರೆದಿಡಿ. ಉಚಿತ ಖಾತೆಯಲ್ಲಿ 15 ಜಿಬಿ ಜಾಗ ಸಿಗುತ್ತದೆ. ಬರಹಕ್ಕೆ ಅದು ಬೇಕಾದಷ್ಟು, ವಿಡಿಯೋ ತುಂಬಿದರೆ ಮಾತ್ರ ಬೇಗ ಖಾಲಿಯಾಗುತ್ತದೆ. ಶಾಲೆಗೆ ಸ್ವಂತ ವೆಬ್ ವಿಳಾಸ ಇದ್ದರೆ ಗೂಗಲ್‌ನವರ ಶಿಕ್ಷಣ ಆವೃತ್ತಿಗೂ ಅರ್ಜಿ ಹಾಕಬಹುದು. ಅದರ ಮೂಲ ಸೌಲಭ್ಯ ಅರ್ಹ ಶಾಲೆಗಳಿಗೆ ಉಚಿತ. ಆದರೆ ಅದಕ್ಕಾಗಿ ಕಾಯುತ್ತಾ ಕೂರುವುದು ಬೇಡ.

ಕನ್ನಡ ಟೈಪಿಂಗ್ ಸರಿಮಾಡಿಕೊಳ್ಳಿ

ಬಹಳ ಜನ ಇಲ್ಲೇ ಸೋತು ಬಿಟ್ಟುಬಿಡುತ್ತಾರೆ. ಶಾಲೆಯ ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡುವ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಆವೃತ್ತಿ ಇರುತ್ತದೆ. ಅದರ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಗೂಗಲ್ ಡಾಕ್‌ಗೆ ತಂದು ಅಂಟಿಸಿದರೆ ಅಕ್ಷರದ ಬದಲು ವಿಚಿತ್ರ ಚಿಹ್ನೆಗಳ ಸಾಲು ಕಾಣಿಸುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ. ಹಳೆ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಕ್ಕೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ಕೊಟ್ಟಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಅದು ಓದಲು ಬರುವುದಿಲ್ಲ. ಯುನಿಕೋಡ್‌ನಲ್ಲಿ, ಅಂದರೆ ಕನ್ನಡದ ಅಕ್ಷರಕ್ಕೆ ಅದರದ್ದೇ ಸಂಖ್ಯೆ ಇರುವ ಪದ್ಧತಿಯಲ್ಲಿ, ಟೈಪ್ ಮಾಡಿದರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಹುಡುಕಿದರೂ ಸಿಗುತ್ತದೆ.

ಹೀಗೆ ಮಾಡಿ. ಹೊಸ ನುಡಿ ಇದ್ದರೆ ಅದರಲ್ಲೇ ಯುನಿಕೋಡ್ ಆಯ್ಕೆ ಮಾಡಿಕೊಳ್ಳಿ, ಕೀಲಿಮಣೆಯ ರೂಢಿ ಬದಲಿಸಬೇಕಿಲ್ಲ. ಇಲ್ಲದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿ. ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿಮಣೆಯಾದ ಇನ್‌ಸ್ಕ್ರಿಪ್ಟ್ ಜೊತೆಗೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಫೊನೆಟಿಕ್ ಕೀಲಿಮಣೆಯೂ ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿದೆ. ಫೋನಿನಲ್ಲಿ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್ ಸಾಕು. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ಜಾಸ್ತಿ ಅಲ್ಲೇ ಇರುತ್ತದೆ.

ಟೈಪಿಂಗ್ ಬಾರದ ಮಕ್ಕಳಿಗೆ ಧ್ವನಿ ಟೈಪಿಂಗ್ ಇದೆ. ಕ್ರೋಮ್‌ನಲ್ಲಿ ಡಾಕ್ ತೆರೆದು, 'ಟೂಲ್ಸ್' ಮೆನುವಿನ 'ವಾಯ್ಸ್ ಟೈಪಿಂಗ್'ನಲ್ಲಿ ಕನ್ನಡ ಆರಿಸಿದರೆ ಮಾತಾಡಿದ್ದು ಅಕ್ಷರವಾಗುತ್ತದೆ. ಪುಸ್ತಕದ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ. ಅಜ್ಜಿಯ "ಹೋಗಿದ್ವಿ, ಬಂದಿದ್ವಿ, ಅಂದ್ಲು" ಅನ್ನುವುದನ್ನು ಹಲವು ಸಲ ತಪ್ಪಾಗಿ ಹಾಕುತ್ತದೆ. ಅದನ್ನು ಮಕ್ಕಳೇ ಕೂತು ತಿದ್ದಲಿ. ಅಜ್ಜಿಯ ಮಾತನ್ನು ಅಜ್ಜಿಯ ಹಾಗೆಯೇ ಉಳಿಸುವುದು ಕೂಡ ಪಾಠವೇ.

ಮೊದಲ ಅಭ್ಯಾಸ ಸಹೋದ್ಯೋಗಿಗಳ ಜೊತೆ

ಮಕ್ಕಳ ಮುಂದೆ ನಿಲ್ಲುವ ಮೊದಲು ಇಬ್ಬರು ಶಿಕ್ಷಕರನ್ನು ಹಿಡಿದು ಕೂರಿಸಿಕೊಳ್ಳಿ. ಮಧ್ಯಾಹ್ನದ ಬಿಡುವಿನ ಅರ್ಧ ತಾಸು ಸಾಕು. ಲೈಬ್ರರಿ ಖಾತೆಯಲ್ಲಿ ಒಂದು ಹೊಸ ಡಾಕ್ ತೆರೆಯಿರಿ. ಬಲಗಡೆ ಮೇಲಿರುವ 'ಶೇರ್' ಒತ್ತಿದರೆ ಯಾರಿಗೆ ಎಷ್ಟು ಅಧಿಕಾರ ಅಂತ ಕೇಳುತ್ತದೆ. 'ವ್ಯೂವರ್' ಅಂದರೆ ಓದಬಹುದು ಅಷ್ಟೇ. 'ಕಮೆಂಟರ್' ಆದವರು ಪಕ್ಕದಲ್ಲಿ ಟಿಪ್ಪಣಿ ಹಾಕಬಹುದು. 'ಎಡಿಟರ್' ಆದವರು ಏನು ಬೇಕಾದರೂ ಬದಲಿಸಬಹುದು, ಅಳಿಸಬಹುದು. ಮೂರನ್ನೂ ಒಂದಾದ ಮೇಲೊಂದರಂತೆ ಆ ಶಿಕ್ಷಕರಿಗೆ ಕೊಟ್ಟು, ಅವರ ಪರದೆಯಲ್ಲಿ ಏನು ಕಾಣುತ್ತದೆ ಅಂತ ಹೋಗಿ ನೋಡಿ. ಈ ಮೂರರ ವ್ಯತ್ಯಾಸ ಕೈಗೆ ಹತ್ತಿದರೆ ಬೇರೆ ಯಾವ ಟೂಲ್ ಬಂದರೂ ಅರ್ಥವಾಗುತ್ತದೆ, ಎಲ್ಲದರಲ್ಲೂ ಇದೇ ಲೆಕ್ಕ.

ಇನ್ನೊಂದು ಅಭ್ಯಾಸವನ್ನು ತಪ್ಪಿಸಬೇಡಿ. ಇಬ್ಬರನ್ನೂ 'ಎಡಿಟರ್' ಮಾಡಿ, ನೀವೂ ಸೇರಿ ಮೂವರೂ ಎರಡೆರಡು ಪ್ಯಾರಾ ಬರೆದ ಮೇಲೆ, ಬೇಕಂತಲೇ ಎಲ್ಲವನ್ನೂ ಸೆಲೆಕ್ಟ್ ಮಾಡಿ ಅಳಿಸಿಬಿಡಿ. ಪುಟ ಖಾಲಿಯಾಗುತ್ತದೆ. ಈಗ 'ಫೈಲ್' ಮೆನುವಿನಲ್ಲಿ 'ವರ್ಷನ್ ಹಿಸ್ಟರಿ'ಗೆ ಹೋಗಿ. ಯಾವ ಹೊತ್ತಿಗೆ ಯಾರು ಏನು ಬದಲಿಸಿದರು ಅನ್ನುವುದು ಬಣ್ಣ ಬಣ್ಣವಾಗಿ ಅಲ್ಲಿರುತ್ತದೆ. ಅಳಿಸುವ ಮೊದಲಿನ ಸಮಯ ಆರಿಸಿ 'ರಿಸ್ಟೋರ್' ಒತ್ತಿದರೆ ಎಲ್ಲಾ ವಾಪಸ್ ಬರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಮಕ್ಕಳ ಕೈಗೆ ಕೊಡುವ ಹೆದರಿಕೆ ಹೋಗುತ್ತದೆ. ಇಡೀ ಫೈಲನ್ನೇ ಯಾರಾದರೂ ಕಸದ ಬುಟ್ಟಿಗೆ ಹಾಕಿದರೂ 30 ದಿನ ಅದು ಅಲ್ಲೇ ಇರುತ್ತದೆ.

ತರಗತಿಯ ದಿನ

ಹಿಂದಿನ ದಿನವೇ ಡಾಕ್‌ನಲ್ಲಿ ಒಂದು ಕೋಷ್ಟಕ ಹಾಕಿಡಿ. ಗುಂಪಿಗೊಂದು ಅಡ್ಡಸಾಲು. ಅಂಕಣಗಳು ನಾಲ್ಕು ಸಾಕು: ಗುಂಪಿನ ಸಂಖ್ಯೆ, ಹೇಳಿದವರು ಯಾರು, ಏನು ಹೇಳಿದರು, ನಮಗೆ ಇನ್ನೂ ಗೊತ್ತಾಗಬೇಕಾದ್ದು ಏನು. ಖಾಲಿ ಪುಟ ಕೊಟ್ಟು "ಎಲ್ಲರೂ ಬರೀರಿ" ಅಂದರೆ ಒಬ್ಬರ ಸಾಲಿನ ನಡುವೆ ಇನ್ನೊಬ್ಬರ ಸಾಲು ನುಗ್ಗುತ್ತದೆ, ಜಗಳ ಗ್ಯಾರಂಟಿ. ಕೋಷ್ಟಕ ಇದ್ದರೆ ಪ್ರತಿ ಗುಂಪಿಗೂ ತನ್ನ ಜಾಗ ಗೊತ್ತಿರುತ್ತದೆ. ಒಂದೇ ಡಾಕ್‌ನಲ್ಲಿ ಒಂದೇ ಸಲ 100 ಜನರವರೆಗೆ ಬರೆಯಬಹುದು. ನಮ್ಮಲ್ಲಿ ಅಡ್ಡಿ ಬರುವುದು ಕಂಪ್ಯೂಟರ್‌ಗಳ ಸಂಖ್ಯೆಯಿಂದ.

ಐದಾರು ಕಂಪ್ಯೂಟರ್, ನಲವತ್ತು ಮಕ್ಕಳು. ನಮ್ಮ ಭಾಗದಲ್ಲಿ ಇದೇ ಸಾಮಾನ್ಯ. ಒಂದು ಕಂಪ್ಯೂಟರ್‌ಗೆ ಒಂದು ಗುಂಪು ಮಾಡಿ, ಗುಂಪಿನೊಳಗೆ ಕೆಲಸ ಹಂಚಿ. ಒಬ್ಬರು ಟೈಪ್ ಮಾಡುವವರು, ಒಬ್ಬರು ನೋಟ್‌ಬುಕ್ ನೋಡಿ ಓದಿ ಹೇಳುವವರು, ಒಬ್ಬರು ಕಾಗುಣಿತ ನೋಡುವವರು. ಉಳಿದವರು ಬೇರೆ ಗುಂಪುಗಳ ಸಾಲು ಓದಿ ಪ್ರಶ್ನೆ ತಯಾರಿಸಲಿ. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಗಲೇಬೇಕು. ಇಲ್ಲದಿದ್ದರೆ ಮನೆಯಲ್ಲಿ ಕಂಪ್ಯೂಟರ್ ಇರುವ ಹುಡುಗನೇ ಕೊನೆತನಕ ಕೀಲಿಮಣೆ ಬಿಡುವುದಿಲ್ಲ, ಹೆಣ್ಣುಮಕ್ಕಳು ಹಿಂದೆ ನಿಂತು ನೋಡುವುದಷ್ಟೇ ಆಗುತ್ತದೆ. ಇದರ ಮೇಲೆ ಕಣ್ಣಿಡಿ. ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ಅತಿ ಮುಖ್ಯವಾದ ಸಲಹೆ ಇದೇ.

ಮಕ್ಕಳಿಗೆ ಖಾತೆ ಬೇಕಿಲ್ಲ. ಪಾಠದ ಹೊತ್ತಿಗೆ ಮಾತ್ರ ಲಿಂಕ್ ಇರುವ ಯಾರಾದರೂ ಬದಲಿಸಬಹುದು ಅಂತ ಅನುಮತಿ ಇಟ್ಟು, ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಆ ಲಿಂಕ್ ತೆರೆಯಿರಿ. ಲಾಗಿನ್ ಆಗದವರು ಹೆಸರಿಲ್ಲದೆ, ಯಾವುದೋ ಪ್ರಾಣಿಯ ಚಿತ್ರದ ಜೊತೆ ಕಾಣಿಸುತ್ತಾರೆ. ಮಕ್ಕಳಿಗೆ ಅದು ಖುಷಿ. ಗಂಟೆ ಹೊಡೆದ ಕೂಡಲೇ ಅನುಮತಿಯನ್ನು 'ವ್ಯೂವರ್'ಗೆ ಇಳಿಸಿ. ಲಿಂಕನ್ನು ವಾಟ್ಸಾಪ್ ಗುಂಪಿಗೆ ಸುಮ್ನೆ ಹಾಕಬೇಡಿ, ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಗುತ್ತದೆ.

ಕರೆಂಟಿನ ಮಾತು. ನೋಟ್‌ಬುಕ್‌ನಲ್ಲಿ ಮೊದಲು ಬರೆಯದೆ ಯಾರೂ ಕಂಪ್ಯೂಟರ್ ಮುಂದೆ ಕೂರಬಾರದು ಅನ್ನುವ ನಿಯಮ ಇಡಿ. ಕರೆಂಟ್ ಹೋದರೆ ಪಾಠ ನಿಲ್ಲುವುದಿಲ್ಲ, ಗುಂಪುಗಳು ನೋಟ್‌ಬುಕ್ ಅದಲುಬದಲು ಮಾಡಿಕೊಂಡು ಪ್ರಶ್ನೆ ಬರೆಯುತ್ತವೆ. ಡಾಕ್ ತಾನಾಗಿಯೇ ಉಳಿಸಿಕೊಳ್ಳುತ್ತಾ ಹೋಗುವುದರಿಂದ ಅಲ್ಲಿವರೆಗಿನ ಟೈಪಿಂಗ್ ಬಹುತೇಕ ಹೋಗುವುದಿಲ್ಲ. ಇಂಟರ್ನೆಟ್ ಕೈಕೊಟ್ಟರೆ ಫೋನಿನ ಹಾಟ್‌ಸ್ಪಾಟ್ ಸಾಕು. ಬರೀ ಅಕ್ಷರಕ್ಕೆ ಡೇಟಾ ಬಹಳ ಕಡಿಮೆ ಸಾಕಾಗುತ್ತದೆ.

ಕಮೆಂಟ್ ಹಾಕುವುದನ್ನು ಕಲಿಸಿ

ಟೈಪ್ ಮಾಡುವುದು ಮುಗಿದ ಮೇಲೆ ನಿಜವಾದ ಕೆಲಸ ಶುರು. ಮಕ್ಕಳಿಗೆ ಕಮೆಂಟ್ ಹಾಕಿ ಅಂದರೆ ಮೊದಲು "ಸೂಪರ್", "ಚೆನ್ನಾಗಿದೆ" ಅಂತ ಬರೆಯುತ್ತಾರೆ. ಅದನ್ನು ಬೈಯುವುದು ಬೇಡ. ಗೋಡೆಗೆ ಒಂದು ಹಾಳೆ ಅಂಟಿಸಿ, ಅದರಲ್ಲಿ ಮೂರು ಪ್ರಶ್ನೆ ಬರೆಯಿರಿ: ಯಾರು ಹೇಳಿದರು? ಅವರು ಕಣ್ಣಾರೆ ಕಂಡದ್ದಾ, ಕೇಳಿದ್ದಾ? ಈ ಮಾತಿನ ಅರ್ಥ ಏನು? ಪ್ರತಿ ಕಮೆಂಟ್ ಈ ಮೂರರಲ್ಲಿ ಒಂದಾಗಿರಲಿ.

ಇದು ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಒಂದು ಗುಂಪು ಬರೆದಿದೆ: "ಹಳೆ ಬಾಗಲಕೋಟೆಯ ಮನೆಗಳು ಬಹಳ ಚೆನ್ನಾಗಿದ್ದವು." ಪಕ್ಕದ ಗುಂಪು ಆ ಸಾಲನ್ನು ಸೆಲೆಕ್ಟ್ ಮಾಡಿ ಕಮೆಂಟ್ ಹಾಕುತ್ತದೆ: "ಯಾರ ಮನೆ? ಯಾರು ಹೇಳಿದರು?" ಮಕ್ಕಳು ಮನೆಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಮರುದಿನ ಸಾಲು ಹೀಗಾಗಿರುತ್ತದೆ: "ನಮ್ಮ ಅಜ್ಜಿ ಹೇಳಿದ್ದು. ಅವರ ಮನೆಯ ಪಡಸಾಲೆಯಲ್ಲಿ ಕಟ್ಟಿಗೆಯ ಕಂಬಗಳಿದ್ದವು. ಅಂಗಳದಲ್ಲಿ ಹಗೇವು ಇತ್ತು, ಜೋಳ ತುಂಬಿಡುತ್ತಿದ್ದರು." ಕೂಡಲೇ ಇನ್ನೊಂದು ಕಮೆಂಟ್: "ಹಗೇವು ಅಂದರೆ ಏನು?" ಇಲ್ಲಿ ನೀವು ಉತ್ತರ ಹೇಳಬೇಡಿ. ಕಪಾಟಿನ ಕಡೆ ಕೈ ತೋರಿಸಿ. ನಿಘಂಟು ತೆಗೆಯಲಿ. ಅಲ್ಲಿ ಸಿಗದಿದ್ದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದವರ ಭಾರತವಾಣಿ ಜಾಲತಾಣದಲ್ಲಿ ಹುಡುಕಲಿ, ಅಲ್ಲಿ ಎಷ್ಟೋ ನಿಘಂಟುಗಳು ಉಚಿತವಾಗಿವೆ. ಅಲ್ಲೂ ಸಿಗದಿದ್ದರೆ ಮತ್ತೆ ಅಜ್ಜಿಯನ್ನೇ ಕೇಳಲಿ. ನೆಲದೊಳಗೆ ಕಾಳು ಇಡಲು ತೋಡಿದ ಗುಂಡಿ ಅಂತ ಗೊತ್ತಾದ ಮೇಲೆ ಆ ಉತ್ತರ, ಎಲ್ಲಿ ಸಿಕ್ಕಿತು ಅನ್ನುವುದರ ಜೊತೆಗೆ, ಕಮೆಂಟಿನ ಕೆಳಗೇ ಬರಬೇಕು. ಆಮೇಲೆ 'ರಿಸಾಲ್ವ್' (ಬಗೆಹರಿಯಿತು) ಒತ್ತಲಿ.

ಒಂದು ಸಾಲು ಮೂರು ಸಾಲಾಯಿತು. ಅದಕ್ಕೊಂದು ಮನೆ ಬಂತು, ಹೇಳಿದವರ ಗುರುತು ಬಂತು. ಪುಸ್ತಕ, ಜಾಲತಾಣ, ಅಜ್ಜಿ ಮೂವರೂ ಒಂದೇ ಪಾಠದಲ್ಲಿ ಸೇರಿದರು. ಶಿಕ್ಷಕರು ಒಬ್ಬರೇ ಕೂತು ನಲವತ್ತು ನೋಟ್‌ಬುಕ್ ತಿದ್ದಿದರೆ ಇದು ಆಗುವುದಿಲ್ಲ.

ನೀವು ತಿದ್ದುವಾಗ 'ಸಜೆಸ್ಟಿಂಗ್' ಅನ್ನುವ ಬಗೆಯಲ್ಲಿ ತಿದ್ದಿ. ಆಗ ಮಗುವಿನ ಸಾಲು ಹಾಗೇ ಇರುತ್ತದೆ, ನಿಮ್ಮ ತಿದ್ದುಪಡಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ಒಪ್ಪುವುದು ಬಿಡುವುದು ಬರೆದವರಿಗೆ ಬಿಟ್ಟದ್ದು. ಎಲ್ಲವನ್ನೂ ನಾವೇ ಬದಲಿಸಿ ಚಂದ ಮಾಡಿಬಿಟ್ಟರೆ ಅದು ಮಕ್ಕಳ ಬರಹವಾಗಿ ಉಳಿಯುವುದಿಲ್ಲ.

ಮುಂದಿನ ಟೂಲ್‌ಗಳು, ನಿಧಾನವಾಗಿ

ಡಾಕ್ ರೂಢಿಯಾದ ಮೇಲೆ ಗೂಗಲ್ ಶೀಟ್. ನಮಗೆ ಇದು ಸುಲಭ, ರಿಜಿಸ್ಟರ್ ಬರೆದು ಅಭ್ಯಾಸ ಇದೆಯಲ್ಲ. ಮಕ್ಕಳು ಓದಿದ ಪುಸ್ತಕಗಳ ಪಟ್ಟಿ, ಪದಗಳ ಪಟ್ಟಿ ಇದರಲ್ಲಿ ಚೆನ್ನಾಗಿ ಆಗುತ್ತದೆ. ತಲೆಬರಹದ ಸಾಲನ್ನು ಯಾರೂ ಮುಟ್ಟದ ಹಾಗೆ 'ಪ್ರೊಟೆಕ್ಟ್' ಮಾಡಿ. ವಿಭಾಗದ ಹೆಸರು ಟೈಪ್ ಮಾಡಿಸದೆ ಡ್ರಾಪ್‌ಡೌನ್ ಪಟ್ಟಿ ಕೊಡಿ. ಇಲ್ಲದಿದ್ದರೆ 'ಕಥೆ', 'ಕತೆ', 'ಕಥೆಗಳು' ಮೂರೂ ಬೇರೆ ಬೇರೆ ವಿಭಾಗವಾಗಿ ಕೂರುತ್ತವೆ.

ಫೋಟೋ, ಧ್ವನಿ ಬೇಕಾದಾಗ ಪ್ಯಾಡ್ಲೆಟ್ ಒಳ್ಳೆಯದು. ಗೋಡೆಯ ಮೇಲೆ ಚೀಟಿ ಅಂಟಿಸಿದ ಹಾಗೆ ಕಾಣುತ್ತದೆ, ಮಕ್ಕಳು ಖಾತೆ ಇಲ್ಲದೆಯೂ ಹಾಕಬಹುದು. ಉಚಿತ ಖಾತೆಯಲ್ಲಿ ಕೆಲವೇ ಬೋರ್ಡ್ ಸಿಗುವುದರಿಂದ ತರಗತಿಗೊಂದು ಮಾಡುವುದು ಬೇಡ. ನೀವು ಒಪ್ಪಿದ ಮೇಲೆ ಮಾತ್ರ ಚೀಟಿ ಎಲ್ಲರಿಗೂ ಕಾಣುವ ಸೆಟ್ಟಿಂಗ್ ಇದೆ, ಅದನ್ನು ಮೊದಲ ದಿನವೇ ಹಾಕಿ.

ನಕ್ಷೆಗೆ ಗೂಗಲ್ ಮೈ ಮ್ಯಾಪ್ಸ್. ಡಾಕ್‌ನಂತೆಯೇ ಇದನ್ನೂ ಹಂಚಿಕೊಳ್ಳಬಹುದು. ಒಂದು ನಕ್ಷೆಯಲ್ಲಿ 10 ಪದರಗಳವರೆಗೆ ಹಾಕಬಹುದು. ಕೆಲಸವನ್ನು ಕಂಪ್ಯೂಟರ್‌ನಲ್ಲೇ ಮಾಡಿ. ಗುಡಿ, ಸಂತೆ ಜಾಗ, ಬಾವಿ, ಹಳೆ ಶಾಲೆ ಅಂತ ಪದರ ಮಾಡಿ, ಅಜ್ಜ ಹೇಳಿದ ಕಡೆ ಮಕ್ಕಳು ಗುರುತು ಹಾಕಲಿ. ಎಷ್ಟೋ ಗುರುತುಗಳು ನೀರಿನ ಮೇಲೆಯೇ ಬೀಳುತ್ತವೆ. ಒಂದೇ ಬಾವಿಯನ್ನು ಇಬ್ಬರು ಅಜ್ಜಂದಿರು ಬೇರೆ ಬೇರೆ ಕಡೆ ತೋರಿಸಿದರೆ ಎರಡೂ ಗುರುತು ಇರಲಿ, ಯಾವ ಗುಂಪಿನವರು ಕೇಳಿ ಬಂದದ್ದು ಅಂತ ಬರೆಯಲಿ. ಇದು ಸರಿ, ಅದು ತಪ್ಪು ಅಂತ ತೀರ್ಮಾನ ಕೊಡುವ ಅವಸರ ನಮಗೆ ಬೇಡ.

ಮಕ್ಕಳ ವಿವರ, ಹಿರಿಯರ ಒಪ್ಪಿಗೆ

13 ತುಂಬದ ಮಕ್ಕಳು ತಾವಾಗಿ ಗೂಗಲ್ ಖಾತೆ ತೆರೆಯುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳು ಅಂತಲೇ ನೋಡುತ್ತದೆ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಆದ್ದರಿಂದ ಡಾಕ್‌ನಲ್ಲಿ ಮಕ್ಕಳ ಹೆಸರು, ಫೋನ್, ಮುಖದ ಫೋಟೋ ಬೇಡ. ಗುಂಪಿನ ಸಂಖ್ಯೆ ಸಾಕು. ಯಾವ ಗುಂಪಿನಲ್ಲಿ ಯಾರು ಅನ್ನುವುದು ನಿಮ್ಮ ಕಾಗದದ ರಿಜಿಸ್ಟರ್‌ನಲ್ಲಿರಲಿ.

ಅಜ್ಜ, ಅಜ್ಜಿಯ ಧ್ವನಿ ರೆಕಾರ್ಡ್ ಮಾಡುವ ಮೊದಲು ಅವರನ್ನು ಕೇಳಬೇಕು. "ಅಜ್ಜಿ, ಇದನ್ನ ಶಾಲ್ಯಾಗ ಎಲ್ಲಾರಿಗೂ ಕೇಳಸ್ಲ್ಯಾ?" ಅಂತ ಕೇಳಿದರೆ ಸಾಕು. ಮುಳುಗಡೆಯ ಮಾತಿನಲ್ಲಿ ಪರಿಹಾರದ ವಿಷಯ, ಅಣ್ಣತಮ್ಮಂದಿರ ಪಾಲಿನ ವಿಷಯ ಬಂದೇ ಬರುತ್ತದೆ. ಅಂಥದ್ದನ್ನು ಹಂಚಿಕೊಳ್ಳುವ ಡಾಕ್‌ಗೆ ಹಾಕಬಾರದು ಅಂತ ಮಕ್ಕಳಿಗೆ ಮೊದಲೇ ತಿಳಿಸಿ.

ವಿಕಿಪೀಡಿಯ ಯಾವಾಗ?

ಒಂದು ವರ್ಷ ಹೀಗೆ ಪಳಗಿದ ಮೇಲೆ, ಮೊದಲು ನೀವು. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಕೂಡಿ ಬರೆಯುವುದಕ್ಕೆ ಅದಕ್ಕಿಂತ ದೊಡ್ಡ ಶಾಲೆ ಇಲ್ಲ. ಅಲ್ಲಿ ಪ್ರತಿ ಪುಟಕ್ಕೂ ಇತಿಹಾಸ ಇದೆ, ಚರ್ಚೆಯ ಪುಟ ಇದೆ. ಖಾತೆ ತೆರೆದು ಪ್ರಯೋಗಪುಟದಲ್ಲಿ ಬರೆದು ನೋಡಿ. ನಮ್ಮ ಜಿಲ್ಲೆಯ ಊರುಗಳ ಪುಟಗಳಿಗೆ ಉಲ್ಲೇಖ ಸೇರಿಸುವುದು ಗ್ರಂಥಪಾಲಕರಿಗೆ ಹೇಳಿ ಮಾಡಿಸಿದ ಕೆಲಸ, ಪುಸ್ತಕ ನಮ್ಮ ಕಪಾಟಿನಲ್ಲೇ ಇರುತ್ತದೆ. ಆದರೆ ಅಜ್ಜಿ ಹೇಳಿದ್ದನ್ನು ಅಲ್ಲಿ ಹಾಕಲು ಬರುವುದಿಲ್ಲ. ಪ್ರಕಟವಾದ ಮೂಲ ಬೇಕು ಅನ್ನುವುದು ಅಲ್ಲಿನ ನಿಯಮ. ಮಕ್ಕಳಿಗೆ ಈ ವ್ಯತ್ಯಾಸ ವಿವರಿಸಿ. ಅಜ್ಜಿಯ ಮಾತು ಸುಳ್ಳು ಅಂತ ಇದರ ಅರ್ಥವಲ್ಲ, ಅದಕ್ಕೆ ಬೇರೆ ಜಾಗ ಬೇಕು ಅಷ್ಟೇ.

ಆ ಜಾಗ ನಿಮ್ಮ ಕಪಾಟು

ಆನ್‌ಲೈನ್ ಟೂಲ್‌ಗಳು ಶಾಶ್ವತ ಅಲ್ಲ. ಬಹಳ ಶಿಕ್ಷಕರು ಬಳಸುತ್ತಿದ್ದ ಗೂಗಲ್‌ನ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿತು. ಆಮೇಲೆ ಅದರಲ್ಲಿ ಯಾರಿಗೂ ಕೆಲಸ ಮುಂದುವರಿಸಲು ಆಗಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಡಾಕ್‌ಗಳನ್ನು ಪಿಡಿಎಫ್ ಮತ್ತು ವರ್ಡ್ ಎರಡೂ ರೂಪದಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿಡಿ. ಇನ್ನೊಂದು ಪ್ರತಿ ಆಫೀಸಿನ ಕಂಪ್ಯೂಟರ್‌ನಲ್ಲಿರಲಿ. ಧ್ವನಿ ಕಡತಗಳಿಗೆ ದಿನಾಂಕ ಮತ್ತು ಗುಂಪಿನ ಸಂಖ್ಯೆ ಸೇರಿಸಿ ಹೆಸರಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಯಾವುದು ಯಾರದ್ದು ಗೊತ್ತಾಗುವುದಿಲ್ಲ.

ವರ್ಷದ ಕೊನೆಗೆ ಪೂರ್ತಿ ಸಂಗ್ರಹವನ್ನು ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿ. ಅಕ್ಸೆಷನ್ ರಿಜಿಸ್ಟರ್‌ನಲ್ಲಿ (ಲೈಬ್ರರಿಗೆ ಸೇರಿದ ಪುಸ್ತಕಗಳ ದಾಖಲೆ) ಬೇರೆ ಪುಸ್ತಕಗಳಂತೆಯೇ ಅದಕ್ಕೂ ನಂಬರ್ ಕೊಡಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಬಳಸುವವರು 954.87ರಲ್ಲಿ, ಕರ್ನಾಟಕದ ಇತಿಹಾಸದ ಪುಸ್ತಕಗಳ ಸಾಲಿನಲ್ಲೇ ಇಡಬಹುದು. ಲೇಖಕರ ಜಾಗದಲ್ಲಿ ತರಗತಿ ಮತ್ತು ವರ್ಷ ಬರೆಯಿರಿ. ಒಂದು ಪ್ರತಿ ಮನೆಗೆ ಒಯ್ಯಲು ಸಿಗುವಂತಿರಲಿ. ಮಕ್ಕಳಿಗಿಂತ ಮೊದಲು ಅವರ ಅಜ್ಜ, ಅಜ್ಜಿಯರೇ ಅದನ್ನು ಕೇಳಿಕೊಂಡು ಕಳಿಸುತ್ತಾರೆ.